ಹಿಂಬಾಗಿಲ ಬಿಳಿ ಚಪ್ಪರ

ಕೆಲಸ ಬಿಟ್ಟು ಮನೆಯಲ್ಲಿ ಕೂತ ಗಂಡಸರಿಗೆ ಒಂದೊಂದು ಕಾಯಿಲೆ ಅಂಟಿಕೊಳ್ಳುತ್ತದೆ. ನನ್ನ ಗಂಡನಿಗೆ ಅಂಟಿಕೊಂಡದ್ದು ವ್ಯಾನಿನ ಕಾಯಿಲೆ. ಬೆಂಗಳೂರಿನ ಯಾರೋ ಬಳಸಿ ಬೇಸತ್ತ ಪಾಪ್-ಅಪ್ ಕ್ಯಾಂಪರ್ ಒಂದನ್ನು ತಂದು ಕೋಲಾರದ ನಮ್ಮ ಮನೆ ಮುಂದೆ ನಿಲ್ಲಿಸಿದರು. ಒಳಗೆ ಒಂದು ಮಂಚ, ಒಂದು ಸ್ಟವ್, ಬಟ್ಟಲಿನಷ್ಟು ಸಿಂಕು. ಚಿಲಕ ತೆಗೆದು ತಳ್ಳಿದರೆ ಛಾವಣಿ ಮೇಲೇಳುತ್ತದೆ, ಸುತ್ತಲೂ ಕ್ಯಾನ್ವಾಸು ಬಿಚ್ಚಿಕೊಳ್ಳುತ್ತದೆ, ಒಳಗೆ ನೆಟ್ಟಗೆ ನಿಲ್ಲಬಹುದು. ನೆಟ್ಟಗೆ ನಿಲ್ಲೋಕೆ ನನಗೆ ಮನೆಯೇ ಇದೆಯಲ್ಲ ಎಂದೆ. ಅವರು ಟೈರು ಒರೆಸುತ್ತಾ ಇದ್ದರು.

ಆ ಡಬ್ಬಾಗೊಂದು ಉಪಯೋಗ ಕಂಡುಹಿಡಿದವಳು ನನ್ನ ಅಮ್ಮ. ಅಪ್ಪ ಅಮ್ಮ ಇಬ್ಬರೂ ನಮ್ಮ ಜೊತೆಯಲ್ಲೇ ಇದ್ದಾರೆ. ಅಮ್ಮನಿಗೆ ಮಂಡಿ ಹಿಡಿದಿದೆ, ಅದರ ಮೇಲೆ ಬಿಸಿಲು ಬಿದ್ದರೆ ಚರ್ಮ ಕೆಂಪಗೆ ಊದಿಕೊಳ್ಳುವ ಕಾಯಿಲೆ. ಡಾಕ್ಟರು ಬಿಸಿಲಿಗೆ ಹೋಗಲೇಬಾರದು ಎಂದಿದ್ದಾರೆ. ಒಂದು ದಿನ ವ್ಯಾನಿನ ಹಿಂಬಾಗಿಲ ಹತ್ತಿರ ಬಂದು ನಿಂತು, ಇದರಲ್ಲಿ ಮಲಗಿಕೊಂಡೇ ನಮ್ಮೂರಿಗೆ ಹೋಗಬಹುದಾ ಎಂದು ಅಳಿಯನನ್ನು ಕೇಳಿದಳು.

ಅವಳ ಊರು ಮುಳಬಾಗಿಲು ತಾಲ್ಲೂಕಿನ ಬೈರಕೂರಿನ ಕಡೆ. ಅಲ್ಲಿ ಅವಳ ತಮ್ಮ, ಅಂದರೆ ನನ್ನ ಸೋದರಮಾವ ಇದ್ದಾನೆ. ಅಮ್ಮ ಎತ್ತಿ ಆಡಿಸಿ ಬೆಳೆಸಿದ ತಮ್ಮ. ನನ್ನನ್ನು ಅವನ ಮಗನಿಗೆ ಕೇಳಿದ್ದ, ಅಮ್ಮ ಕೊಡಲಿಲ್ಲ. ನಾನೇ ಬೇಡ ಎಂದಿದ್ದೆ, ಈಗಲೂ ಬೇಡ ಎಂದೇ ಅನ್ನುತ್ತೇನೆ, ಅದರಲ್ಲಿ ಮುಚ್ಚುಮರೆ ಏನಿಲ್ಲ. ನನ್ನ ಮದುವೆಗೆ ಅವನು ಬರಲಿಲ್ಲ. ಅವತ್ತಿನಿಂದ ಅಕ್ಕನನ್ನು ಮನೆಗೆ ಬಾ ಎಂದು ಒಂದು ಸಲವೂ ಕರೆದಿಲ್ಲ. ಶ್ರೀನಿವಾಸಪುರದಲ್ಲಿ ಯಾರದೋ ಮದುವೆಯಲ್ಲಿ ಎದುರಿಗೆ ಸಿಕ್ಕಾಗ ಮುಖ ತಿರುಗಿಸಿಕೊಂಡು ಊಟದ ಎಲೆ ಮುಂದಿನಿಂದ ಎದ್ದು ಹೋದ. ಅಂಥವನ ಊರಿಗೆ ಯಾಕೆ ಹೋಗಬೇಕು ಎಂದು ನಾನು ಕೂಗಾಡಿದೆ.

"ಮನೆ ಒಳಕ್ಕೆ ಹೋಗಲ್ಲ ಕಣೇ. ಅವನ ಮಾವಿನ ತೋಪಿನ ಪಕ್ಕ ರೋಡಲ್ಲೇ ಕೂತಿದ್ದು ಬರ್ತೀನಿ. ಕಣ್ಣಿಗೆ ಬಿದ್ರೆ ಬಾ ಅಂತಾನೇನೋ," ಎಂದಳು ಅಮ್ಮ.

ಆ ಒಂದು 'ಬಾ'ಗೋಸ್ಕರ ಬಿಸಿಲಲ್ಲಿ ರಸ್ತೆಯಲ್ಲಿ ಕಾಯುತ್ತೇನೆ ಎನ್ನುವ ಹೆಂಗಸಿಗೆ ಏನು ಹೇಳುವುದು?

ಹೋಗುವುದೇ ಆದರೆ ನೆರಳು ಬೇಕು. ಹಿಂಬಾಗಿಲಿನ ಎರಡು ರೆಕ್ಕೆ ತೆರೆದರೆ ಬಿಸಿಲು ನೇರವಾಗಿ ಮಂಚದ ಮೇಲೆ ಬೀಳುತ್ತಿತ್ತು. ನನ್ನ ಗಂಡ ಫೋನಿನಲ್ಲಿ ಹುಡುಕಿ ಬಾಗಿಲಿಗೆ ಕಟ್ಟುವ ಮಡಚು ಚಪ್ಪರ ಒಂದನ್ನು ತರಿಸಿದರು. ತರಿಸಿ, ಮೇಲೇಳುವ ಛಾವಣಿಯ ಅಂಚಿಗೇ ಅದನ್ನು ಸ್ಕ್ರೂ ಹಾಕಿ ಬಿಗಿದರು. ಛಾವಣಿ ಎತ್ತಿದರೆ ಚಪ್ಪರವೂ ಎದ್ದಿತು, ಅದರ ಕಾಲುಗಳು ನೆಲ ಬಿಟ್ಟು ಮೊಳದಷ್ಟು ಮೇಲೆ ತೂಗಾಡಿದವು. ಛಾವಣಿ ಇಳಿಸಿಯೇ ಇದ್ದರಾಯಿತು ಅಂದರು. ಇಳಿಸಿದರೆ ಒಳಗೆ ಅಮ್ಮ ಬೆಂದುಹೋಗುತ್ತಾಳೆ, ನಿಮ್ಮಮ್ಮನನ್ನು ಹೀಗೇ ಮಲಗಿಸುತ್ತಿದ್ದಿರಾ ಎಂದೆ. ಎರಡು ದಿನ ಟೇಪು ಹಿಡಿದುಕೊಂಡು ಗಾಡಿ ಸುತ್ತಿದರು.

ಆಮೇಲೆ ಅವರಿಗೇ ಹೊಳೆಯಿತು. ಚಪ್ಪರ ಸಿಕ್ಕಿಸುವ ಪಟ್ಟಿಯನ್ನು ಛಾವಣಿಗಲ್ಲ, ಅದರ ಕೆಳಗೆ ಗಾಡಿಯ ಮೈಗೇ ಹೊಡೆಯಬೇಕು, ಆಗ ಛಾವಣಿ ತನ್ನಷ್ಟಕ್ಕೆ ಎದ್ದು ಇಳಿಯುತ್ತದೆ. ಬಟ್ಟೆ ಬಾಗಿಲಿಗಿಂತ ಎರಡೂ ಕಡೆ ಒಂದೊಂದು ಮೊಳ ಜಾಸ್ತಿ ಇರಬೇಕು, ಇಲ್ಲದಿದ್ದರೆ ಇಳಿಬಿಸಿಲು ಪಕ್ಕದಿಂದ ನುಗ್ಗುತ್ತದೆ. ಇದನ್ನೆಲ್ಲ ನನಗೆ ಪಾಠ ಮಾಡಿದ್ದೂ ಮಾಡಿದ್ದೇ. ತರಿಸಿದ್ದು ಅಷ್ಟು ಅಗಲವಿರಲಿಲ್ಲ, ಬೇರೆ ಬಟ್ಟೆ ಆರಿಸಲು ಮಾಲೂರಿಗೆ ಕರೆದುಕೊಂಡು ಹೋದರು. ಅಲ್ಲಿ ತೋರಿಸಿದ ನೀಲಿ ರೆಕ್ಸಿನ್ನಿನ ಕೆಳಗೆ ಕೈ ಇಟ್ಟರೆ ಒಲೆಯ ಬಾಯಿ. ಹಸಿರು ಬಲೆಯಲ್ಲಿ ಬಿಸಿಲು ಸೋಸಿಕೊಂಡು ಬರುತ್ತಿತ್ತು. ನಾನು ಖಾಕಿ ಬಣ್ಣದ ಕ್ಯಾನ್ವಾಸ್ ತೋರಿಸಿದೆ. ಅವರು ಬಿಳಿಯದೇ ಬೇಕು ಎಂದು ಹಠ ಹಿಡಿದರು. ಬಿಳಿಗೆ ಕಾವು ಹಿಡಿಯಲ್ಲವಂತೆ. ಬಿಳಿ ಕೊಳೆಯಾಗುತ್ತದೆ, ಒಗೆಯೋರು ಯಾರು ಎಂದು ಕೇಳಿದೆ. ಒಗೆಯೋರು ಯಾರು ಅಂತ ಇಬ್ಬರಿಗೂ ಗೊತ್ತಿತ್ತು.

ಮುಳಬಾಗಿಲಿನಲ್ಲಿ ಟೊಮೆಟೊ ಲಾರಿಗಳಿಗೆ ಟಾರ್ಪಾಲು ಹೊಲಿಯುವವನ ಹತ್ತಿರ ಅಂಚಿಗೆ ಹಗ್ಗ ಸೇರಿಸಿ ಹೊಲಿಸಿದೆವು. ಆ ಹಗ್ಗದಂಚನ್ನು ಗಾಡಿಗೆ ಬಡಿದ ಅಲ್ಯೂಮಿನಿಯಂ ಪಟ್ಟಿಯ ಸಂದಿಗೆ ಒಂದು ಕಡೆಯಿಂದ ತೂರಿಸಿ ಎಳೆದರೆ ಬಟ್ಟೆ ನಿಲ್ಲುತ್ತದೆ. ಮುಂದೆ ಎರಡು ಕಂಬ, ನಾಲ್ಕು ಗೂಟ. ಹೋಳೂರಿನ ಕೆರೆ ಏರಿಯ ಮೇಲೆ ಕಟ್ಟಿ ನೋಡಿದಾಗ ಗಾಳಿ ಬಂದು ಅಷ್ಟನ್ನೂ ಎತ್ತಿ ಗಾಡಿಯ ತಲೆಯ ಮೇಲೆ ಹಾಕಿತು. ಪಕ್ಕದ ಪರದೆ ಬೇಕು ಎಂದು ನಾನು ಮೊದಲೇ ಬಡಿದುಕೊಂಡಿದ್ದೆ. ಈಗ ಅದನ್ನೂ ಹೊಲಿಸಿದರು, ಅದನ್ನೂ ಬಿಳಿಯಲ್ಲೇ.

ಮಾವಿನ ಕಾಲದಲ್ಲಿ ಹೊರಟೆವು. ಅಪ್ಪ ಬರಲ್ಲ ಎಂದು ಖಡಾಖಂಡಿತ ಹೇಳಿ ಮನೆಯಲ್ಲಿ ಉಳಿದರು. ಅವರಿಗೆ ಭಾಮೈದನ ಹೆಸರೆತ್ತಿದರೆ ಆಗುವುದಿಲ್ಲ. ಮಾವನ ತೋಪಿನ ಬೇಲಿಯ ಪಕ್ಕ ಗಾಡಿ ನಿಲ್ಲಿಸಿದೆವು. ಬೇಲಿಯೊಳಗೆ ಬೇಕಾದಷ್ಟು ನೆರಳು, ಹೊರಗೆ ರಸ್ತೆ ಅಗಲ ಮಾಡಿದ ಮೇಲೆ ಒಂದು ಗಿಡವಿಲ್ಲ. ಛಾವಣಿ ಎತ್ತಿ, ಬಟ್ಟೆ ತೂರಿಸಿ, ಕಂಬ ನಿಲ್ಲಿಸಿ, ಕೆಳಗೆ ನಾಲ್ಕು ಪ್ಲಾಸ್ಟಿಕ್ ಕುರ್ಚಿ ಹಾಕಿದೆವು. ನೆರಳು ನಿಜವಾಗಿಯೂ ತಂಪಾಗಿತ್ತು, ಅದನ್ನು ಹೇಳಿದರೆ ಇವರು ಹಿಗ್ಗಿಬಿಡುತ್ತಾರೆ ಅಂತ ನಾನು ಹೇಳಲಿಲ್ಲ.

ಅಮ್ಮ ರಸ್ತೆ ಕಡೆಯ ಪರದೆಯ ಮರೆಯಲ್ಲಿ ಕೂತು ತೋಪನ್ನೇ ನೋಡಿದಳು. ಬೈಕಿನವರು ನಿಧಾನ ಮಾಡಿ, ನೋಡಿ, ತಲೆ ತಗ್ಗಿಸಿ ಹೋದರು. ಅಮ್ಮನ ಜೊತೆ ಆಡಿ ಬೆಳೆದ ಊರು, ಒಬ್ಬನ ಬಾಯಲ್ಲೂ ಹೆಂಗಿದೀಯವ್ವ ಅಂತ ಬರಲಿಲ್ಲ. ಮಾವನಿಗೆ ಹೆದರಿ ಸತ್ತಿದ್ದಾರೆ ಎಂದು ಇಡೀ ಊರನ್ನು ಬೈದೆ. ಕೊಳೆತ ಹಣ್ಣಿಗೆ ನೊಣವೋ ನೊಣ. ನನ್ನ ಗಂಡ ತೆಂಗಿನ ಚಿಪ್ಪು, ಬೇವಿನ ಸೊಪ್ಪು ಹಾಕಿ ಚಪ್ಪರದ ಮುಂದೆ ಹೊಗೆ ಎಬ್ಬಿಸಿದರು. ಊಟವಾದ ಮೇಲೆ ಅಮ್ಮ ಒಳಗೆ ಮಂಚದ ಮೇಲೆ ಬಾಗಿಲ ಕಡೆ ಕಾಲು ಚಾಚಿ, ನೊಣ ಕೂರದ ಹಾಗೆ ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಮಲಗಿದಳು. ಇವರು ತಲೆಗೆ ಟವೆಲ್ ಹಾಕಿಕೊಂಡು ಕೂತರು. ನಾನು ಇವರ ಕಡೆ ತಿರುಗದೆ ಬೇರೆ ಕಡೆ ಮುಖ ಮಾಡಿ ಕೂತೆ.

ಬಿಸಿಲು ಇಳಿಯುವ ಮುಂಚೆ ತೋಪಿನ ಒಳಗಿನಿಂದ ಗೋಳಾಟ ಕೇಳಿಸಿತು. ಮಾವ ಬರಿಗಾಲಲ್ಲಿ ಎದೆ ಬಡಿದುಕೊಂಡು ಓಡಿ ಬರುತ್ತಿದ್ದ, ಹಿಂದೆ ನಾಲ್ಕೈದು ಹೆಂಗಸರು. ಅವರ ಮನೆ ಮಾತು ತೆಲುಗು ಕನ್ನಡ ಎರಡೂ, ಅಳು ಬಂದರೆ ತೆಲುಗೇ ಬರುವುದು.

"ಪೋಯಿನಾವಾ ಅಕ್ಕಾ, ನನ್ನ ಬಿಟ್ಟು ಪೋಯಿನಾವಾ," ಹೋಗಿಬಿಟ್ಟೆಯಾ ಎಂದು ಅಳುತ್ತಾ ಬಂದವನೇ ಬೇಲಿ ಹಿಡಿದುಕೊಂಡು ಕುಸಿದ.

ಆಗ ನನಗೆ ಹೊಳೆಯಿತು. ನಮ್ಮ ಕಡೆ ಮಾವಿನ ಸೊಪ್ಪಿಲ್ಲದ ಬಿಳಿ ಚಪ್ಪರ ಬಾಗಿಲಲ್ಲಿ ಎದ್ದು, ಅದರ ಮುಂದೆ ಹೊಗೆಯಾಡಿದರೆ ಅದು ಸಾವಿನ ಮನೆ, ಕೇಳುವುದೇ ಬೇಡ. ಅದರ ಮೇಲೆ ಹಿಂಬಾಗಿಲು ತೆರೆದ ವ್ಯಾನು, ಒಳಗೆ ಮುಖ ಮುಚ್ಚಿಕೊಂಡ ಹೆಂಗಸು, ಹೊರಗೆ ಮಾತಿಲ್ಲದೆ ಕೂತ ಮಗಳು ಅಳಿಯ. ಹೆಣವನ್ನು ತವರಿಗೆ ತೋರಿಸಲು ತಂದಿದ್ದೇವೆ ಎಂದು ಇಡೀ ಊರು ತಿಳಿದುಕೊಂಡಿತ್ತು.

ಗಲಾಟೆಗೆ ಅಮ್ಮ ಎದ್ದು ಕೂತಳು. ಹೆಂಗಸರು ಎರಡು ಹೆಜ್ಜೆ ಹಿಂದಕ್ಕೆ ಹೋದರು. ಮಾವನ ಅಳು ನಿಂತಿತು, ಕಣ್ಣೀರು ಒರೆಸಿಕೊಳ್ಳುವ ಮೊದಲೇ ಸಿಟ್ಟು ಬಂತು. ನನ್ನ ಕಡೆ ತಿರುಗಿ, ನನ್ನ ತೋಪಿನ ಮುಂದೆ ಸಾವಿನ ಚಪ್ಪರ ಹಾಕಿ ನನ್ನ ಮನೆ ಹಾಳು ಮಾಡಕ್ಕೆ ಬಂದಿದೀಯಾ ಎಂದು ಬಾಯಿಗೆ ಬಂದಂತೆ ಬೈದ. ನಾನೂ ಬಿಡಲಿಲ್ಲ. ಬದುಕಿರೋ ಅಕ್ಕ ಬೆಳಗ್ಗಿಂದ ಕಾಯುತ್ತಿದ್ದರೆ ಬರದವನು, ಸತ್ತಳು ಅಂದ ತಕ್ಷಣ ಓಡಿ ಬಂದೆಯಲ್ಲ, ನಾಚಿಕೆ ಆಗಲ್ವಾ ಎಂದೆ. ಇವರು ನನ್ನ ತೋಳು ಹಿಡಿದು ಎಳೆದರು.

ಅಮ್ಮ ನಮ್ಮ ಯಾರನ್ನೂ ನೋಡುತ್ತಿರಲಿಲ್ಲ. "ಕಂಕುಳಲ್ಲಿ ಏನ್ಲಾ ಅದು?" ಎಂದಳು.

ಹಸಿರು ಸೀರೆ. ಹೆಣ್ಣುಮಗಳು ಸತ್ತರೆ ತವರಿನ ಸೀರೆ ಹೊದಿಸದೆ ಹೆಣ ಎತ್ತುವಂತಿಲ್ಲ. ಎಷ್ಟೇ ಹಗೆ ಇದ್ದರೂ ಅಣ್ಣತಮ್ಮ ಅದೊಂದನ್ನು ತಂದು ಹಾಕಲೇಬೇಕು. ಅಮ್ಮ ಕೈ ಚಾಚಿ, ಕೊಡು ಇಲ್ಲಿ ಎಂದಳು. ಮಾವ ಸೀರೆಯನ್ನು ಬೆನ್ನ ಹಿಂದಕ್ಕೆ ಸರಿಸಿದ.

"ಬದುಕಿರೋರಿಗೆ ಕೊಡೋದಲ್ಲ ಇದು," ಎಂದ. ಅವನ ದನಿ ಸಣ್ಣಗಾಗಿತ್ತು. ಒಂದು ಗಳಿಗೆ ನಿಂತ. ಈಗ ಅಂತಾನೆ, ಈಗ ಬಾ ಅಂತಾನೆ ಎಂದು ನಾನೂ, ನಾನೇ, ಕಾದೆ. ಅವನು ತಿರುಗಿ ಹೊರಟ, ಸೀರೆಯ ಸಮೇತ.

ಬಟ್ಟೆ ಕಿತ್ತು ಮಡಚುವಾಗ ಗೂಟಗಳನ್ನು ಕಾಲಲ್ಲಿ ಒದ್ದೆ. ಎಷ್ಟು ಬೈದರೂ ಸಾಲಲಿಲ್ಲ. ಮುಳಬಾಗಿಲು ದಾಟಿದೆವು. ಆಮೇಲೆ ಅಮ್ಮ ಹಿಂದಿನಿಂದ ಕೇಳಿದಳು.

"ಈ ಸುದ್ದಿ ಅವನಿಗೆ ಮುಟ್ಟಿ ಎಷ್ಟು ಹೊತ್ತಾಗಿರ್ಬೋದು? ಅಷ್ಟ್ರೊಳಗೆ ಅಂಗಡಿಗೆ ಹೋಗಿ ಬರಾಕೆ ಆಗ್ತದಾ?"

ಆಗಲ್ಲ ಎಂದೆ. ನಾನೂ ನೋಡಿದ್ದೆ. ಸೀರೆಯ ಮಡಿಕೆ ಕೂತುಹೋಗಿತ್ತು, ಪೆಟ್ಟಿಗೆಯ ನುಸಿಗುಳಿಗೆ ವಾಸನೆ ಹೊಡೆಯುತ್ತಿತ್ತು. ಹೊಸದಾಗಿ ಕೊಂಡದ್ದಲ್ಲ ಅದು, ತಂದು ವರ್ಷಗಳಾಗಿತ್ತು.

"ಅಂಚು ಸಣ್ಣದಿತ್ತು. ದೊಡ್ಡ ಅಂಚು ನಂಗೆ ಸೇರಲ್ಲ ಅಂತ ಅವನಿಗೆ ಗೊತ್ತು. ನಂಗೇ ಅಂತ ತಂದಿಟ್ಟವ್ನೆ ಕಣೇ."

ನಿನ್ನ ಹೆಣಕ್ಕೆ ಅಂತ ತಂದಿಟ್ಟಿದ್ದಾನೆ, ನೀನು ಯಾವಾಗ ಸಾಯ್ತೀಯ ಅಂತ ಕಾಯ್ತಾ ಇದ್ದಾನೆ ಎಂದು ಅರಚಿದೆ.

"ಇರ್ಲಿ ಬಿಡು," ಎಂದಳು ಅಮ್ಮ. ತಿರುಗಿ ನೋಡಿದರೆ ಅವಳ ಮುಖದಲ್ಲಿ ನಗು ಇತ್ತು. "ಹೋಗೋವಾಗ ಉಡಾಕಾದ್ರೂ ಒಂದು ಐತಲ್ಲ."