ಟಾಕಿಯ ಹಿಂದೆ ಮುಳುಗಿದ ಸೂರ್ಯ

ಸಂಕ್ರಾಂತಿ ಮುಗಿದ ವಾರವೇ ಗುರುಪಾದಪ್ಪ ತೀರಿಕೊಂಡ. ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಸರಳು ತೂಗುತ್ತಿದ್ದವನು. ಲಿಂಗಾಯತರು ಸುಡುವುದಿಲ್ಲ, ಮಣ್ಣು ಕೊಡುತ್ತಾರೆ. ಊರಾಚೆಯ ರುದ್ರಭೂಮಿಯಲ್ಲಿ ಕೊಟ್ಟರು. ಕಲ್ಲು ನಿಲ್ಲಿಸುವುದು ಆಮೇಲೆ ಎಂದರು. ಹೆಂಡತಿ ಶರಣಬಸಮ್ಮ ಅಳಲಿಲ್ಲ. ಕುಣಿಯ ತಲೆಗೆ ನಿಂತು ನೋಡಿದಳು. ಸೂರ್ಯ ನೀರಿನ ಟಾಕಿಯ ಸರೀ ಹಿಂದೆ ಇಳಿಯುತ್ತಿದ್ದ. ಅದನ್ನೇ ಗುರುತು ಇಟ್ಟುಕೊಂಡಳು.

ಮಳೆ ಹಿಡಿಯುವುದರೊಳಗೆ ಕೆಲಸ ಆಗಲಿ ಅಂತ ಮೈದುನ ಅಂಬಾರಾಯ ಟೆಂಪೋದಲ್ಲಿ ಅಣ್ಣನ ಹೆಸರು ಕೆತ್ತಿದ ಕಲ್ಲು ತಂದ. ಕಲ್ಲು ನಿಲ್ಲಿಸುವ ಗೌಂಡಿಯೂ ಬಂದ. ಶರಣಬಸಮ್ಮ ಮಗಳು ಮಯೂರಿಯನ್ನು ಕರೆದುಕೊಂಡು ಐರೋಲಿಯ ಮನೆಯಿಂದ ರುದ್ರಭೂಮಿಗೆ ಬಂದಳು. ದಿಬ್ಬಗಳೆಲ್ಲ ಕುಸಿದು ಒಂದೇ ಥರ ಕಂಡವು.

"ಹೊತ್ತು ಮುಳುಗಲಿ, ತೋರಸ್ತೀನಿ" ಅಂದಳು ಶರಣಬಸಮ್ಮ.

ಸೂರ್ಯ ಇಳಿದ. ಅವನು ಟಾಕಿಯ ಹಿಂದೆ ಬರುವ ತನಕ ಅವಳು ಎಡಕ್ಕೆ ಸರಿಯುತ್ತ ಹೋದಳು. ಒಂದು ದಿಬ್ಬದ ಮುಂದೆ ನಿಂತಳು.

"ಇಲ್ಲೇ."

ಗೌಂಡಿ ಗುದ್ದಲಿ ಎತ್ತಿದ. ರುದ್ರಭೂಮಿಯ ಕಾವಲುಗಾರ ಓಡಿಬಂದ.

"ಯಕ್ಕಾ, ಅದು ಯುಗಾದಿ ಆದಮ್ಯಾಲ ಬಂದ ಮುದುಕಿ! ಕುಣಿ ತೋಡಿದವನೇ ನಾನು."

"ಸುಳ್ಳು. ಟಾಕಿ ನೋಡು, ಸೂರ್ಯನ್ನ ನೋಡು."

"ಆಯಿ, ಸೂರಜ್ ರೋಜ್ ಏಕ್ ಜಗಹ್ ನಹೀ ಡೂಬ್ತಾ" ಅಂದಳು ಮಯೂರಿ. ಸೂರ್ಯ ದಿನಾ ಒಂದೇ ಕಡೆ ಮುಳುಗುವುದಿಲ್ಲ, ಚಳಿಗಾಲದಲ್ಲಿ ಎಡಕ್ಕೆ ಮುಳುಗುತ್ತಾನೆ, ಈಗ ಬಲಕ್ಕೆ ಸರಿದಿದ್ದಾನೆ ಎಂದು ಕೈ ಚಾಚಿ ತೋರಿಸಿದಳು.

ಶರಣಬಸಮ್ಮನಿಗೆ ಅದು ಗೊತ್ತಿಲ್ಲದ್ದೇನಲ್ಲ. ಚಳಿಗಾಲದ ಸಂಜೆ ಅಡುಗೆಮನೆಯ ಕಿಟಕಿಯಿಂದ ಬಿಸಿಲು ಗ್ಯಾಸಿನ ಮೇಲೆ ಬೀಳುತ್ತದೆ, ಬೇಸಿಗೆಯಲ್ಲಿ ಬೀಳುವುದಿಲ್ಲ. ಎಷ್ಟೋ ವರ್ಷ ನೋಡಿದ್ದಳು. ಮಣ್ಣು ಕೊಟ್ಟ ದಿನ ಅದು ತಲೆಗೆ ಹೊಳೆಯಲಿಲ್ಲ.

ಅವಳು ಎಡಕ್ಕೆ ಸರಿದುಬಂದಿದ್ದಳು, ಹಾಗಾದರೆ ಗಂಡನ ಕುಣಿ ಬಲಕ್ಕೆ ಇರಬೇಕು. ಅಲ್ಲಿ ಹೆಸರಿಲ್ಲದ ದಿಬ್ಬಗಳು ಮೂರು ಇದ್ದವು. ಯಾವುದು ಯಾರದೆಂದು ಕಾವಲುಗಾರನಿಗೆ ತಿಳಿಯದು. ಅವನು ಕೆಲಸಕ್ಕೆ ಸೇರಿದ್ದೇ ಶಿವರಾತ್ರಿಯ ನಂತರ.

"ಅಂಬಾರಾಯ, ನಿನಗರ ನೆನಪಿಲ್ಲೇನು?"

"ಅವತ್ತು ಅತ್ತು ಅತ್ತು ನನಗ ದಾರೀನ ಕಾಣತಿದ್ದಿಲ್ಲ, ವೈನಿ. ನಡುವಿನದಕ್ಕ ಇಟ್ಟುಬಿಡೂಣು. ಅಣ್ಣ ಏನು ಎದ್ದು ಬಂದು ಜಗಳಾ ತಗೀತಾನೇನು?"

"ಅವರ ಹೆಸರು ಇನ್ನೊಬ್ಬರ ತಲಿ ಮ್ಯಾಲ ಬ್ಯಾಡ. ಮುಂದಿನ ಸಂಕ್ರಾಂತಿ ಬರಲಿ. ಮಣ್ಣು ಕೊಟ್ಟ ದಿನಾನ ಬಂದು ನಿಂತು ತೋರಸ್ತೀನಿ."

"ಅಲ್ಲೀತನಾ ಕಲ್ಲು?"

"ಮನಿಗೆ ಒಯ್ಯೂಣು."

"ಸಮಾಧಿ ಕಲ್ಲು ಮನ್ಯಾಗ ಇಡಬಾರದು, ವೈನಿ!"

"ಹಂಗಾರ ನಿನ್ನ ಟೆಂಪೋದಾಗ ಇಟಗೊಂಡು ತಿರಗತೀ?"

ಅಂಬಾರಾಯ ಕಲ್ಲಿಗೆ ಕೈ ಹಚ್ಚಿದ.

ಐರೋಲಿಯ ಮನೆಯಲ್ಲಿ ಅದನ್ನು ಬಾಲ್ಕನಿಗೆ ಸಾಗಿಸಿದರು. ಹೆಸರು ಗೋಡೆಯ ಕಡೆ ಬರುವಂತೆ ಒರಗಿಸಲು ಹೇಳಿ ಶರಣಬಸಮ್ಮ ಅಕ್ಕಿ ತೊಳೆಯಲು ಹೋದಳು.