ಉಣ್ಣುವ ಹೊತ್ತು ಕೇಳುವ ನರ್ಸಬಾಯಿ

ಜುಗೂಳದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹೆಗಲಿಗೆ ಖಾಕಿ ಚೀಲ, ಕೈಯಲ್ಲೊಂದು ಕೊಡೆ ಹಿಡಿದು ಕಾಳವ್ವ ನರ್ಸಬಾಯಿ ಮೊದಲ ಮನೆಯ ಕಟ್ಟೆ ಹತ್ತುತ್ತಾರೆ. ಬಸುರಿ ಸುಂದ್ರವ್ವ ಗುಳಿಗೆಗೆ ಕೈ ಚಾಚುತ್ತಾಳೆ. ಗುಳಿಗೆ ಅಷ್ಟು ಸಲೀಸಾಗಿ ಕೈಗೆ ಬೀಳುವುದಿಲ್ಲ, ಮೊದಲು ವಿಚಾರಣೆ ನಡೆಯಬೇಕು. ನಿನ್ನೆ ಎಷ್ಟು ಹೊತ್ತಿಗೆ ಉಂಡೆ, ಏನು ಉಂಡೆ, ಕಬ್ಬಿನ ಹೊಲಕ್ಕೆ ಬುತ್ತಿ ಒಯ್ದಿದ್ದೆಯೋ ಇಲ್ಲವೋ, ಗುಳಿಗೆಯನ್ನು ಚಹಾದ ಜೊತೆ ನುಂಗುತ್ತೀಯೋ ಏನು ಕತೆ. ಪೊಲೀಸರೂ ಇಷ್ಟು ಕೇಳಲಿಕ್ಕಿಲ್ಲ. ಉತ್ತರಗಳೆಲ್ಲ ಸಿಕ್ಕ ಮೇಲೆ ಪೊಟ್ಟಣದ ಮೇಲೆ ಪೆನ್ಸಿಲ್ಲಿನಿಂದ ನೆತ್ತಿಯ ಮೇಲಿನ ಸೂರ್ಯನನ್ನು ಬರೆದು ಕೊಡುತ್ತಾರೆ. ಮಧ್ಯಾಹ್ನದ ಊಟವಾದ ಮೇಲೆ ನುಂಗು ಎಂದು ಅದರ ಅರ್ಥ.

ನಲವತ್ತೆಂಟರ ಕಾಳವ್ವ ಕೃಷ್ಣೆಯಲ್ಲಿ ಬಲೆ ಬೀಸುವ ಅಂಬಿಗರ ಮನೆಯವರು. ಗಂಡ ಧರೆಪ್ಪ ಇಂದಿಗೂ ಮೀನು ಹಿಡಿಯುತ್ತಾರೆ. ಕಾಳವ್ವ ೧೯೭೯ರಲ್ಲಿ ಕೆಲಸಕ್ಕೆ ಸೇರಿದಾಗ, ಮೀನಿನ ಬುಟ್ಟಿ ಹೊತ್ತ ಕೈಯಿಂದ ಸೂಜಿ ಚುಚ್ಚಿಸಿಕೊಳ್ಳಬೇಕೇ ಎಂದು ಮೂಗು ಮುರಿದವರಿದ್ದರು. ದಿನಕ್ಕೆ ನಲವತ್ತು ಮನೆ, ಏಳೆಂಟು ಕಿಲೋಮೀಟರ್ ನಡಿಗೆ. ಈ ಹದಿನೆಂಟು ವರ್ಷಗಳಲ್ಲಿ ಆರುನೂರಕ್ಕೂ ಮಿಕ್ಕಿ ಹೆರಿಗೆ, ಅದರಲ್ಲಿ ಎರಡು ಮಹಾಪೂರದ ದಿನ ದೋಣಿಯಲ್ಲೇ ಆದವು. ಮೂಗು ಮುರಿದವರ ಮೊಮ್ಮಕ್ಕಳೂ ಇದೇ ಕೈಯಲ್ಲಿ ಹುಟ್ಟಿದ್ದಾರೆ.

ಸೂರ್ಯನನ್ನು ಬರೆಯುವ ರೂಢಿ ಮಾತ್ರ ಎರಡು ವರ್ಷದ್ದು. ಅದರ ಹಿಂದೆ ಕಾಳವ್ವನವರದೇ ಒಂದು ತಪ್ಪಿದೆ, ಅದನ್ನು ಅವರು ಯಾರಿಂದಲೂ ಮುಚ್ಚಿಡುವುದಿಲ್ಲ.

ಊರಿನ ಜೈನ ರೈತ ಬಾಪುಸಾಹೇಬರ ಸೊಸೆ ರಾಜಮತಿ ಕಾಮಾಲೆಯಾಗಿ ಮಲಗಿ ಎದ್ದಿದ್ದಳು. ಉಗಾರದ ಡಾಕ್ಟರೊಬ್ಬರು ಲಿವರಿಗೆಂದು ಕೋಲಿನ್ ಇರುವ ಟಾನಿಕ್ ಬರೆದುಕೊಟ್ಟರು. ಬಾಟಲಿ ತಂದು ಕೊಟ್ಟ ಕಾಳವ್ವ, ದಿನಕ್ಕೆ ಮೂರು ಮುಚ್ಚಳ ಕುಡಿ, ಒಂದನ್ನೂ ತಪ್ಪಿಸಬೇಡ ಎಂದು ಹೇಳಿ ಬಂದರು. ಅದು ಚಾತುರ್ಮಾಸದ ಕಾಲ. ರಾಜಮತಿ ಒಪ್ಪತ್ತಿನ ವ್ರತ ಹಿಡಿದಿದ್ದಳು. ದಿನಕ್ಕೆ ಒಂದೇ ಊಟ, ಔಷಧವಿರಲಿ ನೀರಿರಲಿ ಅದೇ ಹೊತ್ತಿಗೆ ಆಗಬೇಕು. ವ್ರತವೂ ಕೆಡಬಾರದು, ನರ್ಸಬಾಯಿಯ ಮಾತೂ ಕೆಡಬಾರದು ಎಂದು ಹುಡುಗಿ ಮೂರು ಮುಚ್ಚಳವನ್ನೂ ಒಟ್ಟಿಗೇ ಕುಡಿದಳು. ಪೂರ್ತಿ ಉಪವಾಸದ ದಿನ ತಪ್ಪಿದ್ದನ್ನು ಮರುದಿನಕ್ಕೆ ಸೇರಿಸಿ ಆರು ಕುಡಿದಳು.

ಎರಡು ವಾರದಲ್ಲಿ ರಾಜಮತಿಯ ಬೆವರು ಮೀನು ನಾರತೊಡಗಿತು. ಬೆಳ್ಳುಳ್ಳಿಯನ್ನೂ ಒಳಗೆ ಬಿಡದ ಮನೆ ಅದು. ಅತ್ತೆ ಲಕ್ಷ್ಮಿಬಾಯಿ ಸೊಸೆಯನ್ನು ಅಡುಗೆಮನೆಯಿಂದ ಹೊರಗಿಟ್ಟರು, ನಿಪ್ಪಾಣಿಯ ತವರಿಗೆ ಕಳಿಸುವ ಮಾತೂ ಬಂತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನಕ್ಕೇನು ಕಡಿಮೆ, ಅಂಬಿಗರ ನರ್ಸು ಔಷಧದ ಹೆಸರಿನಲ್ಲಿ ಮೀನೆಣ್ಣೆ ಕುಡಿಸಿದ್ದಾಳೆ ಎಂದು ಆಡಿಕೊಂಡರು. ಜೈನರ ಓಣಿಯ ಕದಗಳು ಕಾಳವ್ವನಿಗೆ ಮುಚ್ಚಿದವು. ಕೂಸುಗಳ ಲಸಿಕೆ ನಿಂತಿತು.

“ನನಗ ಅಂದಿದ್ದಕ್ಕ ಅಷ್ಟ ಕೆಟ್ಟ ಅನಸಲಿಲ್ರಿ. ಆ ಹುಡುಗಿ ವ್ರತ ಕೆಡಿಸಿದಾಕಿ ಅನಿಸಿಕೊಂಡು ಊರ ಬಿಡತಾಳಲ್ಲಾ ಅಂತ ಕರಳ ಚುರ್ ಅಂತಿತ್ತು,” ಎನ್ನುತ್ತಾರೆ.

ಬಾಟಲಿ ಹಿಡಿದು ಉಗಾರಕ್ಕೆ ಹೋದರು. ಡಾಕ್ಟರು ದಪ್ಪ ಪುಸ್ತಕ ತೆರೆದು ತಿಳಿಸಿ ಹೇಳಿದರು. ಕೋಲಿನ್ ಒಳ್ಳೆಯದೇ, ಲಿವರಿನಲ್ಲಿ ಕೊಬ್ಬು ಕೂಡದಂತೆ ನೋಡಿಕೊಳ್ಳುತ್ತದೆ, ಬಸುರಿ ಬಾಣಂತಿಯರಿಗಂತೂ ಬೇಕೇ ಬೇಕು. ಆದರೆ ಅಳತೆ ಮೀರಿದರೆ ಬೆವರು ಮೀನು ನಾರುತ್ತದೆ, ಹೊಟ್ಟೆ ಸಡಿಲಾಗುತ್ತದೆ, ಬಿ.ಪಿ. ಇಳಿದು ತಲೆ ತಿರುಗುತ್ತದೆ. ಅವಳು ಎಷ್ಟು ಕುಡಿಯುತ್ತಾಳೆ ಎಂದು ಅವರು ಕೇಳಿದಾಗಲೇ, ತಾನದನ್ನು ವಿಚಾರಿಸಿಯೇ ಇಲ್ಲ ಎಂಬುದು ಕಾಳವ್ವನಿಗೆ ಹೊಳೆಯಿತು. ನಾಚಿಕೆಯಾಯಿತು.

ಅಂದೇ ಬಾಪುಸಾಹೇಬರ ಅಂಗಳದಲ್ಲಿ ನಿಂತು ರಾಜಮತಿಯನ್ನು ಕೇಳಿ ಎಲ್ಲ ತಿಳಿದುಕೊಂಡರು. ತಪ್ಪು ನನ್ನದು, ಉಣ್ಣುವ ಹೊತ್ತು ಕೇಳದೆ ಔಷಧ ಕೊಟ್ಟೆ, ಇನ್ನು ಟಾನಿಕ್ ನಿಲ್ಲಿಸಿ ಎಂದರು. ಲಕ್ಷ್ಮಿಬಾಯಿ ನಂಬಲಿಲ್ಲ. ನಾನೇ ಕುಡಿದು ನೋಡುತ್ತೇನೆ ಎಂದು ಬಾಪುಸಾಹೇಬರು ಬಾಟಲಿ ಎತ್ತಿಟ್ಟುಕೊಂಡರು. ಅವರದೂ ಒಪ್ಪತ್ತೇ. ಬೇಡವೆಂದು ಕಾಳವ್ವ ಎಷ್ಟು ಹೇಳಿದರೂ ಕೇಳದೆ, ಊಟದ ಜೊತೆ ದಿನಾ ಆರು ಮುಚ್ಚಳ ಕುಡಿದರು.

ನಾಲ್ಕನೆಯ ದಿನ ಬಾಪುಸಾಹೇಬರ ಹೊಟ್ಟೆ ಕೆಟ್ಟಿತು. ಒಗೆಯಲು ತೆಗೆದ ಗಂಡನ ಅಂಗಿಯನ್ನು ಲಕ್ಷ್ಮಿಬಾಯಿ ಮೂಗಿಗೆ ಹಿಡಿದು, ಮತ್ತೊಮ್ಮೆ ಹಿಡಿದು ನೋಡಿದರಂತೆ. ಅರವತ್ತು ವರ್ಷದಿಂದ ನೀರನ್ನೂ ಸೋಸಿ ಕುಡಿದ ಮನುಷ್ಯ ಮೀನು ನಾರುತ್ತಿದ್ದರು. ಅತ್ತ ಟಾನಿಕ್ ಬಿಟ್ಟ ಸೊಸೆಯ ಬೆವರಿನಲ್ಲಿ ಆ ವಾಸನೆ ಇಲ್ಲವೇ ಇಲ್ಲ.

ಆ ಸಂಜೆ ಲಕ್ಷ್ಮಿಬಾಯಿ ಹುಟ್ಟಿದಾಗಿನಿಂದ ಕಾಲಿಡದ ಅಂಬಿಗರ ಓಣಿಗೆ ಬಂದರು. ಒಣಹಾಕಿದ ಬಲೆಗಳನ್ನು ಸರಿಸಿ ಒಳಗೆ ಬಂದು, “ನನ್ನ ಸೊಸಿ ಅಡಗಿಮನ್ಯಾಗ ಅದಾಳ. ಓಣ್ಯಾಗ ಕೂಸುಗೋಳ ಸೂಜಿ ಉಳದಾವ. ನಾಳೆ ಬಾರವ್ವಾ,” ಎಂದರು. ಅಷ್ಟು ಹೇಳುವಷ್ಟರಲ್ಲಿ ಇಬ್ಬರ ಕಣ್ಣೂ ತುಂಬಿದ್ದವು.

ರಾಜಮತಿಗೆ ಆಮೇಲೆ ಟಾನಿಕ್ ಬೇಕಾಗಲಿಲ್ಲ. ಹಾಲು, ಕಾಳು, ಬೆಳ್ಳುಳ್ಳಿ ಹಾಕದ ಶೇಂಗಾ ಚಟ್ನಿಪುಡಿಯಲ್ಲೇ ಚೇತರಿಸಿಕೊಂಡಳು. ಹೋದ ವರ್ಷ ಕಾಳವ್ವನ ಕೈಯಲ್ಲೇ ಹೆಣ್ಣು ಹೆತ್ತಳು. ಬಾಪುಸಾಹೇಬರು ಈಗ ನೆಗಡಿಯ ಗುಳಿಗೆಯನ್ನೂ ಸೂರ್ಯನ ಗುರುತಿಲ್ಲದೆ ಮುಟ್ಟುವುದಿಲ್ಲ.

ನಿವೃತ್ತಿಗೆ ಮುಂಚೆ ಏನಾದರೂ ಆಸೆಯೇ ಎಂದರೆ ಕಾಳವ್ವ ಚೀಲ ಹೆಗಲಿಗೇರಿಸುತ್ತಾರೆ.

“ನನ್ನ ಹಿಂದ ಬರಾಕಿನೂ ಸೂರ್ಯಾನ್ನ ಬರದ ಕೊಡ್ಲಿ, ಅಷ್ಟ ಸಾಕ್ರಿ. ಬಾಟಲಿ ಮ್ಯಾಲ ಎಲ್ಲಾ ಬರದಿರತೈತಿ, ಕುಡಿಯಾವ್ರು ಯಾವಾಗ ಉಣ್ತಾರ ಅನ್ನೂದೊಂದ ಬರದಿರಂಗಿಲ್ಲ. ಅದನ್ನ ಕೇಳಾಕ ನಾವ ಅದೀವಲ್ರಿ.”