ಹಿಡಿಯದ ಅಯಸ್ಕಾಂತ

ನಮ್ಮ ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ, ಬಂದೂಕಿನ ಗುರಿ ಅಭ್ಯಾಸ ಮಾಡುವ ಶೂಟಿಂಗ್ ರೇಂಜಿನಲ್ಲಿ ಬಿದ್ದ ಹೆಸರು ‘ಜಿಗಣೆ’. ಬಾಗಿಲ ಬಳಿ ಅಯಸ್ಕಾಂತ ಹಿಡಿದು ಕೂತು, ಬಂದವರ ಡಬ್ಬಿಯಿಂದ ಗುಂಡು ತೆಗೆದು ಅದಕ್ಕೆ ತಾಗಿಸಿ ನೋಡುವುದು ಅವರ ಕೆಲಸ. ಪಕ್ಕದಲ್ಲೇ ಕಿವಿಗೆ ಸದ್ದು ತಡೆಯುವ ಮಫ್, ಕಣ್ಣಿಗೆ ಚೂರು ತಡೆಯುವ ಕನ್ನಡಕ ಕೊಡುವ ಮೇಜು ನನ್ನದು. ಹಾಗಾಗಿ ಇದು ಯಾರ ಬಾಯಿಂದಲೋ ಕೇಳಿದ ಕತೆಯಲ್ಲ.

ಹೊರಗಿನಿಂದ ಎಲ್ಲ ಗುಂಡೂ ತಾಮ್ರದ ಬಣ್ಣವೇ. ಒಳಗೆ ಬರೀ ಸೀಸವಿದ್ದರೆ ಗುಂಡು ಹಾರಿಸುವ ಕೋಣೆಯ ಕೊನೆಯಲ್ಲಿರುವ ಉಕ್ಕಿನ ತಡೆಗೆ ಬಡಿದು ಚಪ್ಪಟೆಯಾಗಿ ಕೆಳಗೆ ಬೀಳುತ್ತದೆ. ಒಳಗೆ ಉಕ್ಕಿದ್ದರೆ ಕಿಡಿ ಹಾರುತ್ತದೆ, ಚೂರು ಹಿಂದಕ್ಕೆ ಬರುತ್ತದೆ. ನಾಲ್ಕು ಗೋಡೆಗಳ ನಡುವೆ ಹಿಂದಕ್ಕೆ ಬಂದ ಚೂರು ಹೋಗುವುದಾದರೂ ಎಲ್ಲಿಗೆ? ಅದಕ್ಕೇ ಅಯಸ್ಕಾಂತಕ್ಕೆ ಅಂಟುವ ಗುಂಡಿಗೆ ಒಳಗೆ ಜಾಗವಿಲ್ಲ.

ಭಾವನ ಹಳೆಯ ಅಯಸ್ಕಾಂತ ಕರಿ ಬಣ್ಣದ್ದು, ಮೂಲೆ ಒಡೆದದ್ದು, ಆದರೆ ಬಲು ಕಿಲಾಡಿ. ಡಬ್ಬಿಗಟ್ಟಲೆ ಗುಂಡು ವಾಪಸ್ಸಾಗುತ್ತಿತ್ತು. ಗಿರಾಕಿಗಳು ಮುಖ ಸಿಂಡರಿಸಿಕೊಂಡು ಮಾಲೀಕರ ಕೋಣೆಗೆ ನುಗ್ಗುತ್ತಿದ್ದರು. ಒಂದು ದಿನ ಮಾಲೀಕರು ಹೊಸದೊಂದನ್ನು ತಂದುಕೊಟ್ಟರು. ಬೆಳ್ಳಿಯ ಹೊಳಪು, ಮರದ ಹಿಡಿ, ನೋಡಲು ಲಕ್ಷಣವಾಗಿತ್ತು. ಹಳೆಯದನ್ನು ತಮ್ಮ ಡ್ರಾಯರಿನಲ್ಲಿಟ್ಟು ಬೀಗ ಹಾಕಿದರು.

ಭಾವ ಹೊಸದರಿಂದ ನನ್ನ ಸ್ಟೇಪ್ಲರನ್ನು ಎತ್ತಲು ನೋಡಿದರು. ಅದು ಅಲುಗಲೂ ಇಲ್ಲ.

“ಇದಕ್ಕೆ ಗುಂಡುಪಿನ್ನು ಎತ್ತೋಕೂ ಉಬ್ಬಸ ಕಣೇ,” ಎಂದು ನಕ್ಕರು.

“ಹೋಗಿ ಹೇಳಿ ಮತ್ತೆ ಅವರಿಗೆ!”

“ಅವರು ಗೊತ್ತಿಲ್ದೆ ತಂದಿದ್ದಾರೆ ಅಂದ್ಕೊಂಡ್ಯಾ?”

ಹೇಳಲಿಲ್ಲ. ನನಗೆ ಈಗಲೂ ಮೈ ಉರಿಯುವುದು ಅದಕ್ಕೇ. ಬೈಸಿಕೊಂಡು ಬೈಸಿಕೊಂಡು ಸಾಕಾಗಿತ್ತೇನೋ. ಈಗ ಬಂದವರೆಲ್ಲ “ಏನ್ ಜಿಗಣೆ ಸಾರ್, ಚೆನ್ನಾಗಿದ್ದೀರಾ?” ಎಂದು ಹೆಗಲು ತಟ್ಟಿ ಹೋಗುತ್ತಿದ್ದರು. ಭಾವನಿಗೆ ಅದು ಹಿಡಿಸಿಬಿಟ್ಟಿತು. “ನಿಮ್ಮ ಭಾವ ಈಗ ಮನೇಲಿ ರೇಗೋದೇ ಇಲ್ಲ ಕಣೇ,” ಎಂದು ಅಕ್ಕನಿಗೂ ಖುಷಿ.

ಆಮೇಲೊಂದು ಬೆಳಿಗ್ಗೆ ಮಾಲೀಕರ ಸ್ನೇಹಿತರೊಬ್ಬರು ಬಂದರು. ಭಾವ ಅವರ ಗುಂಡಿಗೆ ಶಾಸ್ತ್ರಕ್ಕೆ ಅಯಸ್ಕಾಂತ ತಾಗಿಸಿದರು. ಅಂಟಲಿಲ್ಲ, ಒಳಗೆ ಬಿಟ್ಟರು. ಮೊದಲ ಗುಂಡಿಗೇ ಬೇರೆ ಥರದ ಸದ್ದು ಬಂತು, ಚೂಪಾಗಿ ‘ಟಣ್’ ಅಂತ. ಭಾವನ ಮುಖ ಬಿಳಿಚಿಕೊಂಡಿತು. “ನಿಲ್ಸೀ!” ಎಂದು ಕೂಗುತ್ತ ಬಾಗಿಲು ತಳ್ಳಿ ಓಡಿದರು. ನಾನು ಕನ್ನಡಕ ಹಿಡಿದು “ಭಾವಾ!” ಎಂದು ಹಿಂದೆಯೇ ಎದ್ದೆ. ಕಿವಿಗೆ ಮಫ್ ಹಾಕಿಕೊಂಡಿದ್ದ ಸ್ನೇಹಿತರಿಗೆ ಯಾರ ಕೂಗೂ ಕೇಳಿಸಲಿಲ್ಲ. ಎರಡನೆಯ ಗುಂಡಿನ ಚೂರು ನೇರ ಭಾವನ ಬಲಗಣ್ಣಿಗೆ ಬಂತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅದನ್ನು ಹೊರಗೆಳೆದದ್ದೂ ಒಂದು ಅಯಸ್ಕಾಂತದಿಂದಲೇ. ಚೂರು ಬಂತು, ದೃಷ್ಟಿ ಬರಲಿಲ್ಲ.

“ಮ್ಯಾಗ್ನೆಟ್ಟಿಗೆ ಅಂಟಿತು ಅಂದ್ಮೇಲೆ ಅದು ಉಕ್ಕೇ!” ಎಂದು ನಾನು ಮಾಲೀಕರ ಮೇಲೆ ಹರಿಹಾಯ್ದೆ.

ಅವರು ದನಿ ಏರಿಸಲೇ ಇಲ್ಲ. “ಉಕ್ಕೇ ಇರ್ಲಮ್ಮ. ಬಾಗಿಲಲ್ಲಿ ನೋಡಿ ಒಳಗೆ ಬಿಟ್ಟಿದ್ದು ಯಾರು? ಕನ್ನಡಕ ಇಲ್ದೆ ನುಗ್ಗಿದ್ದು ಯಾರು?”

ಇಡೀ ಗೂಬೆಯನ್ನು ಭಾವನ ತಲೆಯ ಮೇಲೆ ಕೂರಿಸಿ, ಮೇಲಿಂದ ದೊಡ್ಡ ಮನಸ್ಸು ಮಾಡಿದವರ ಹಾಗೆ ಕೆಲಸಕ್ಕೆ ವಾಪಸ್ ಕರೆದರು. ಒಂದು ಕಣ್ಣಿನವರನ್ನು ಬೇರೆ ಯಾರು ಇಟ್ಟುಕೊಳ್ಳುತ್ತಾರೆ? ಭಾವ ಹೋದರು. ಅದೇ ಕುರ್ಚಿ, ಅದೇ ಹೊಳೆಯುವ ಅಯಸ್ಕಾಂತ. ಬಾಯಿಗೆ ಬೀಗ ಹಾಕಿಕೊಂಡು ನಾನೂ ಹೋದೆ.

ಮೊದಲ ದಿನ ಗಿರಾಕಿಗಳು ಬರುವ ಮುಂಚೆ ಭಾವ ಜೇಬಿನಿಂದ ಆಸ್ಪತ್ರೆಯವರು ಕೊಟ್ಟಿದ್ದ ಪುಟ್ಟ ಸೀಸೆ ತೆಗೆದರು. ತಮ್ಮ ಕಣ್ಣಿನೊಳಗಿದ್ದ ಚೂರನ್ನು ನನ್ನ ಮೇಜಿನ ಮೇಲೆ ಉದುರಿಸಿ, ಅಯಸ್ಕಾಂತವನ್ನು ಹತ್ತಿರ ತಂದರು. ಸಾಸಿವೆಗಿಂತ ಸಣ್ಣದಲ್ಲವೇ, ಟಕ್ಕನೆ ಅಂಟಿಕೊಂಡಿತು.

“ಕೊನೆಗೂ ಒಂದನ್ನ ಹಿಡೀತು ನೋಡೇ,” ಎಂದರು.